ಅಳಿಯಂದಿರು ತಂದ ಕಿನೋವಾ

ಮೊಮ್ಮಗನಿಗೆ ಆರು ತಿಂಗಳು ತುಂಬುತ್ತಲೇ ಹೊರನಾಡಿಗೆ ಹೋಗಿ ಅನ್ನಪ್ರಾಶನ ಮುಗಿಸಿಕೊಂಡು ಬಂದೆವು. ವರ್ಷ ತುಂಬುವ ತನಕ ಮಗುವಿಗೆ ಸಕ್ಕರೆ, ಉಪ್ಪು, ಜೇನು ಯಾವುದೂ ಬೇಡ ಅನ್ನುವುದು ಅಳಿಯಂದಿರ ಕಟ್ಟುನಿಟ್ಟು. ಅನ್ನಪೂರ್ಣೇಶ್ವರಿಯ ಪಾಯಸಕ್ಕೆ ಮಾತ್ರ ದೊಡ್ಡ ಮನಸ್ಸು ಮಾಡಿ ವಿನಾಯಿತಿ ಕೊಟ್ಟಿದ್ದರು. ಪುಟ್ಟ ಬೆರಳತುದಿಯಷ್ಟು ಪಾಯಸ ಚಪ್ಪರಿಸಿದ್ದು ನೋಡಿ, ಇನ್ನು ರಾಗಿ ಸರಿಗೆ ಅಡ್ಡಿಯಿಲ್ಲ ಅಂದುಕೊಂಡೆ. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ನಮ್ಮೆಜಮಾನರ ಹಳೇ ಪಂಚೆಯಲ್ಲಿ ಸೋಸಿದ ಹಿಟ್ಟನ್ನು ಹಾಸನದಿಂದ ಬರುವಾಗಲೇ ಡಬ್ಬಿಗೆ ತುಂಬಿಕೊಂಡು ಬಂದಿದ್ದೆ.

ಮಾರನೇ ದಿನ ನೋಡಿದರೆ ಆ ಡಬ್ಬಿಯ ಪಕ್ಕದಲ್ಲಿ ಕಿನೋವಾ ಅನ್ನುವ ಸಣ್ಣ ಕಾಳಿನ ಪೊಟ್ಟಣ! ಅದಕ್ಕೆ ಕೊಟ್ಟ ದುಡ್ಡಿಗೆ ನಮ್ಮ ಕಡೆ ಮಳೆಗಾಲ ಕಳೆಯುವಷ್ಟು ರಾಗಿ ಬರುತ್ತಿತ್ತು.

“ಇದರಲ್ಲಿ ಆಹಾರದಿಂದಲೇ ಸಿಗಬೇಕಾದ ಒಂಬತ್ತೂ ಅಮೈನೊ ಆಮ್ಲ ಇದೆ, ಅತ್ತೆ. ಕಬ್ಬಿಣದ ಅಂಶವೂ ಚೆನ್ನಾಗಿದೆ. ವಿಶ್ವಸಂಸ್ಥೆ 2013ನ್ನು ಕಿನೋವಾ ವರ್ಷ ಅಂತಲೇ ಆಚರಿಸಿತ್ತು” ಅಂದರು.

“ಸಿರಿಧಾನ್ಯಕ್ಕೂ 2023 ಕೊಟ್ಟರಲ್ಲ” ಅಂದೆ. ಹತ್ತು ವರ್ಷ ಕಾಯಿಸಿದ್ದಕ್ಕೆ ನನಗಿನ್ನೂ ಅಸಮಾಧಾನವಿದೆ. ನೂರು ಗ್ರಾಂ ರಾಗಿಯಲ್ಲಿ ಹೆಚ್ಚುಕಡಿಮೆ 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಕಿನೋವಾದಲ್ಲಿ ಐವತ್ತೂ ಇರುವುದಿಲ್ಲ ಅನ್ನುವುದನ್ನು ನಾನೂ ಫೋನಲ್ಲಿ ಓದಿಟ್ಟುಕೊಂಡಿದ್ದೆ. ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಮಗಳು, “ಅಮ್ಮಾ, ಒಂದು ಸಲ ಕೊಡಲಿ ಬಿಡು” ಅಂದಳು. ಸುಮ್ಮನಾದೆ.

ಕಿನೋವಾವನ್ನು ಚೆನ್ನಾಗಿ ತೊಳೆಯಬೇಕು. ಕಾಳಿನ ಸಿಪ್ಪೆಯಲ್ಲಿ ಸಪೋನಿನ್ ಅನ್ನುವ ಕಹಿ ಇರುತ್ತದೆ. ನಮ್ಮ ಅಂಟುವಾಳದಲ್ಲಿ ನೊರೆ ಬರಿಸುವುದೂ ಅದೇ. ಅಳಿಯಂದಿರು ಬಟ್ಟಲಿಗೆ ನೀರು ಬಿಟ್ಟು ಕೈಯಾಡಿಸಿದರು, ನೊರೆ ಎದ್ದಿತು. ಬಟ್ಟಲು ತೊಳೆದ ಸೋಪು ಹಾಗೇ ಉಳಿದಿದೆ ಅಂತ ಎಲ್ಲ ಚೆಲ್ಲಿ, ಬಟ್ಟಲನ್ನು ಉಜ್ಜಿ, ಹೊಸದಾಗಿ ಕಾಳು ಹಾಕಿದರು. ಮತ್ತೆ ನೊರೆ. ಪಾತ್ರೆ ತೊಳೆಯುವವಳಿಗೆ ಬಯ್ಯಲು ಹೊರಟಾಗ ನಾನೇ ಅಂಟುವಾಳದ ಕಥೆ ಹೇಳಿ ತಡೆದೆ. ಆಮೇಲೆ ಅಕ್ಕಿ ತೊಳೆಯುವ ತೂತಿನ ಪಾತ್ರೆಗೆ ಸುರಿದರು. ನೀರಿಗಿಂತ ಮೊದಲು ಕಾಳೇ ಇಳಿದು ಹೋಯಿತು. ಟೀ ಜರಡಿ ತಂದರು. ಅದರಲ್ಲಿ ಹಿಡಿಯುವುದು ಎರಡು ಚಮಚ. ಕಡೆಗೆ ನಮ್ಮೆಜಮಾನರ ಪಂಚೆಯೇ ಬೇಕಾಯಿತು. ಅಷ್ಟರಲ್ಲಿ ದಕ್ಷಿಣ ಅಮೆರಿಕದ ಆ್ಯಂಡಿಸ್ ಪರ್ವತದಿಂದ ಬಂದ ಬೆಳೆಯ ಅರ್ಧ ಭಾಗ ನಮ್ಮ ಸಿಂಕಿನ ಪಾಲಾಗಿತ್ತು.

ಬೆಂದ ಕಿನೋವಾ ನೋಡಲು ಚೆಂದವೇ. ಒಂದೊಂದು ಕಾಳಿನ ಸುತ್ತಲೂ ಇರುವ ಮೊಳಕೆಯ ಭಾಗ ಬಿಚ್ಚಿಕೊಂಡು ಬೆಳ್ಳಗೆ ಸಣ್ಣ ಬಾಲದ ಥರ ಸುರುಳಿಯಾಗುತ್ತದೆ. ಅದಕ್ಕೆ ಕುಂಬಳಕಾಯಿ ಕಿವುಚಿ ಸೇರಿಸಿ, ಪುಟ್ಟನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಅಳಿಯಂದಿರು ಮೊದಲ ಚಮಚ ಕೊಟ್ಟರು. ಅವನಿಗೆ ಆ ವಾರವಷ್ಟೇ ತುಟಿ ನಡುಗಿಸಿ ‘ಫುರ್‍ರ್’ ಅನ್ನುವ ವಿದ್ಯೆ ಬಂದಿತ್ತು. ಒಂಬತ್ತೂ ಅಮೈನೊ ಆಮ್ಲ ಅಪ್ಪನ ಕನ್ನಡಕದ ಮೇಲೆ. ಆದರೂ ಒಂದಷ್ಟು ಒಳಗೆ ಹೋಯಿತೆನ್ನಿ. ನೆಲಕ್ಕೆ ಬಿದ್ದದ್ದು ಒಣಗಿ, ಮರುದಿನ ಉಗುರಲ್ಲಿ ಕೆರೆದರೂ ಏಳಲಿಲ್ಲ.

ಮರುದಿನದ ದೊಡ್ಡ ಸಂಗತಿ ಅದಲ್ಲ. ಬೆಳಿಗ್ಗೆ ಡೈಪರ್ ಬದಲಿಸುತ್ತಿದ್ದ ಅಳಿಯಂದಿರು, “ಅತ್ತೇ! ಹುಳ!” ಅಂತ ಕೂಗಿದರು. ಮಗಳು ಹಲ್ಲುಜ್ಜುವ ಬ್ರಶ್ ಬಾಯಲ್ಲೇ ಇಟ್ಟುಕೊಂಡು ಓಡಿ ಬಂದಳು. ನಿಜ, ಬೆಳ್ಳಗೆ ಸಣ್ಣ ಸಣ್ಣ ಸುರುಳಿಗಳು. ನಾನು ಬಗ್ಗಿ ನೋಡಿದೆ, ಯಾವುದೂ ಅಲುಗಾಡುತ್ತಿರಲಿಲ್ಲ. ಗುರುತು ಹತ್ತಿತು. ಆದರೆ ನನ್ನ ಮಾತಿಗೆ ಕಾಯುವ ವ್ಯವಧಾನ ಯಾರಿಗಿತ್ತು? ಅಳಿಯಂದಿರು ಮೂರು ಕೋನಗಳಿಂದ ಫೋಟೊ ಹೊಡೆದು ಮಕ್ಕಳ ಡಾಕ್ಟರಿಗೆ ಕಳಿಸಿ ಫೋನೂ ಮಾಡಿಯಾಗಿತ್ತು. ಸ್ಪೀಕರ್ ಆನ್ ಇತ್ತು.

“ತಿಂಡಿಗೆ ಕೂತಿದ್ದೆ ಕಣ್ರೀ” ಅಂದರು ಡಾಕ್ಟರು, ಬಹಳ ಹೊತ್ತು ಸುಮ್ಮನಿದ್ದು. “ಕಿನೋವಾ ಕೊಟ್ರಾ?”

“ಹೌದು ಡಾಕ್ಟ್ರೇ.”

“ಅದೇ ಇದು. ಅರಗಿಲ್ಲ ಅಷ್ಟೆ. ಇನ್ನೂ ಹಲ್ಲಿಲ್ಲ ಅವನಿಗೆ, ಕಾಳು ಕಾಳಾಗಿ ಯಾಕೆ ಕೊಡ್ತೀರಾ? ಪುಡಿ ಮಾಡಿ ಬೇಯಿಸಿ ಕೊಡಿ. ಎದೆಹಾಲು ಹೇಗೂ ಇರಲಿ.”

ನನಗೆ ಫೋನಿನ ಹತ್ತಿರ ಹೋಗಿ ರಾಗಿಯ ವಿಷಯ ಕೇಳುವ ಆಸೆ ಬಲವಾಗಿತ್ತು. ಅಳಿಯಂದಿರ ಮುಖ ನೋಡಿ ಬಟ್ಟೆ ಮಡಿಸಲು ಕೂತೆ.

ಈಗ ಪುಟ್ಟನಿಗೆ ಬೆಳಿಗ್ಗೆ ರಾಗಿ ಸರಿ, ಸಂಜೆ ಕಿನೋವಾ ಪುಡಿಯ ಗಂಜಿ. ಎರಡಕ್ಕೂ ಸಮನಾಗಿ ‘ಫುರ್‍ರ್’ ಅನ್ನುತ್ತಾನೆ. ಆದರೆ ಅಳಿಯಂದಿರು ಅಂಗಡಿಯ ರಿಯಾಯಿತಿ ನೋಡಿ ಇನ್ನೂ ಎರಡು ಪೊಟ್ಟಣ ತಂದುಬಿಟ್ಟಿದ್ದರು. ಹಾಳು ಮಾಡಲು ಮನಸ್ಸು ಬರುತ್ತದೆಯೇ? ಒಗ್ಗರಣೆ, ಈರುಳ್ಳಿ, ಕರಿಬೇವು ಹಾಕಿ ಉಪ್ಪಿಟ್ಟು ಮಾಡುತ್ತಾ ಬಂದೆ. ಮೊದಲ ದಿನ ಹೊಗಳಿದರು. ಆಮೇಲೆ ಆಫೀಸಿನಲ್ಲೇ ತಿಂಡಿ ಇದೆ ಅನ್ನತೊಡಗಿದರು. ಮೊನ್ನೆ ಅಡುಗೆಮನೆ ಬಾಗಿಲಲ್ಲಿ ನಿಂತು, ಮೆಲ್ಲಗೆ, “ಅತ್ತೆ, ಬನ್ಸಿ ರವೆ ಖಾಲಿಯಾಗಿದೆಯಾ?” ಅಂದರು.

ಡಬ್ಬಿ ತುಂಬ ಇತ್ತು. ಆಗಿದೆ ಅಂದೆ.