ಸ್ವಲ್ಪ ನೊರೆ ಇರಲಿ

ಮಲ್ಪೆಯ ತೆಂಕಕ್ಕಿರುವ ಪಡುಕೆರೆಯ ಕಡಲ ದಡಕ್ಕೆ ಬೆಳಿಗ್ಗೆ ವಾಕಿಂಗ್ ಬರುವವರಲ್ಲಿ ಒಬ್ಬರಿದ್ದಾರೆ. ನಾನು ಗಾಳದ ರಾಡ್ ಹಿಡಿದು ಮೊಣಕಾಲುದ್ದ ನೀರಲ್ಲಿ ನಿಂತದ್ದು ಕಂಡರೆ ಸಾಕು, ಬಿಳಿ ಶೂ ಒದ್ದೆಯಾಗದಷ್ಟು ದೂರದಿಂದ, "ಇವತ್ತು ಕಡಲು ಎಷ್ಟು ಶಾಂತ ಉಂಟು ಮಾರಾಯ್ರೆ, ನಿಮಗೆ ಒಳ್ಳೆ ಮೀನು ಸಿಕ್ಕೀತು" ಎಂದು ಹರಸಿ ಹೋಗುತ್ತಾರೆ. ಅವರ ಬೆನ್ನಿಗೆ ನಾನು ಏನಂದುಕೊಳ್ಳುತ್ತೇನೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಶಾಂತ ಕಡಲು ಫೋಟೋಕ್ಕೆ ಚಂದ. ಡಿಸೆಂಬರಿನ ಬೆಳಗು, ನೀರು ಗಾಜಿನ ಹಾಗೆ ನಿಂತಿರುವಾಗ, ನಾನೆಸೆದ ಲೂರ್ ಎಂಬ ಪ್ಲಾಸ್ಟಿಕ್ ಮೀನು, ಅದರ ಹೊಟ್ಟೆಯಡಿ ತೂಗುವ ಮೂರು ಮುಳ್ಳಿನ ಗಾಳ, ದಾರದ ಗಂಟು ಎಲ್ಲವೂ ಒಳಗಿರುವವನಿಗೆ ಕಾಣುತ್ತದೆ. ಬೆಲೆಯೂ ಕಾಣುತ್ತದೋ ಏನೋ. ದಡದವರೆಗೆ ಹಿಂಬಾಲಿಸಿ ಬಂದು, ನನ್ನ ಕಾಲು ನೋಡಿ, ಸಂತೆಯಲ್ಲಿ ಬದನೆಕಾಯಿ ಮುಟ್ಟಿ ಬಿಟ್ಟು ಹೋಗುವವರ ಹಾಗೆ ತಿರುಗಿ ಹೋಗುತ್ತಾನೆ. ತೆಳ್ಳಗಿನ ದಾರ ಕಟ್ಟಿದೆ, ಬೆರಳುದ್ದದ ಲೂರ್ ಹಾಕಿದೆ, ಬೆಳಕು ಹರಿಯುವ ಮೊದಲೇ ಬಂದೆ. ಅಷ್ಟರಲ್ಲಿ ಪಕ್ಕದ ಹುಡುಗನೊಬ್ಬ ಸಿಗಡಿ ಚೂರು ಚುಚ್ಚಿ ನಾಲ್ಕು ಕಾಣೆ ಮೀನು ಹಿಡಿದಿದ್ದ.

ನೊರೆ ಇದ್ದರೆ ಮಾತೇ ಬೇರೆ. ತೆರೆ ಒಡೆದು ಬೆಳ್ಳಗಾದಲ್ಲಿ ಸಣ್ಣ ಮೀನಿಗೆ ದಿಕ್ಕು ತಪ್ಪುತ್ತದೆ. ದೊಡ್ಡದು ಅದೇ ಮರೆಯಲ್ಲಿ ದಡದವರೆಗೂ ನುಗ್ಗುತ್ತದೆ. ನಕಲಿಯೋ ಅಸಲಿಯೋ ಎಂದು ಪರೀಕ್ಷಿಸಲು ಯಾರಿಗೂ ಪುರುಸೊತ್ತಿಲ್ಲ. ಹಾಗೆಂದು ಮಳೆಗಾಲದ ಕಡಲೂ ಆಗದು. ಪಡುಗಾಳಿಗೆ ಎದುರಾಗಿ ಎಸೆದ ನಲವತ್ತು ಗ್ರಾಂ ತಗಡಿನ ಲೂರ್ ನನ್ನ ಮುಂದೆಯೇ ಬೀಳುತ್ತದೆ. ತೆರೆ ಮೇಲೆ ಬರುವಾಗ ದಾರ ಸಡಿಲ, ನೀರು ಹಿಂದಕ್ಕೆ ಜಾರುವಾಗ ಲೂರ್ ಭಾರವಾಗಿ, ಥೇಟ್ ಮೀನು ಎಳೆದ ಹಾಗೆ. ಮೊದಲ ವರ್ಷ ಅಂಥ ಪ್ರತಿ ಎಳೆತಕ್ಕೂ ನಾನು ಜಗ್ಗಿ ಉತ್ತರ ಕೊಟ್ಟಿದ್ದೇನೆ. ತೆಂಗಿನಕಾಯಿಯ ಪ್ರಕರಣ ನಡೆದದ್ದು ಹಾಗೆಯೇ.

ನೂಲಹುಣ್ಣಿಮೆಯ ಮರುದಿನ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳಿಗೆ ರಜೆ; ಅದು ಮುಗಿದ ಮೇಲೆ ಈ ಹುಣ್ಣಿಮೆಗೆ ಮಲ್ಪೆಯಲ್ಲಿ ಸಮುದ್ರಪೂಜೆ. ವಡಭಾಂಡೇಶ್ವರ ದೇವಸ್ಥಾನದಿಂದ ಮೆರವಣಿಗೆ ಬಂದು ಹಾಲು, ಹೂವು, ತೆಂಗಿನಕಾಯಿ ಕಡಲಿಗೆ ಬಿಡುತ್ತಾರೆ: ಸಮುದ್ರರಾಜಾ, ಇನ್ನು ಶಾಂತನಾಗು. ಆ ಕಾಯಿಗಳಲ್ಲೊಂದು ತೆಂಕಕ್ಕೆ ತೇಲಿ ನನ್ನ ಪಾಲಿಗೆ ಬಂದಿತ್ತು. ನೀರು ಜಾರಿತು, ದಾರ ಬಿಗಿಯಿತು, ನಾನು ಜಗ್ಗಿದೆ. ಈ ಸಲ ಎಳೆತ ನಿಲ್ಲಲಿಲ್ಲ. ರೀಲ್ ಕಿರ್ರೆಂದಿತು. ಬಾಯಿಂದ ಒಂದು ಕೂಗು ಹೊರಟಿರಬೇಕು, ಬಲೆ ಬಿಡಿಸುತ್ತಿದ್ದ ನಾಲ್ಕೈದು ಜನ ಎದ್ದು ಬಂದರು. ಹತ್ತು ನಿಮಿಷ ಹೋರಾಡಿದೆ. ತೆರೆಯ ಮೇಲೆ ಕಂದು ತಲೆಯೊಂದು ಎದ್ದಿತು. "ಆಮೆ!" ಎಂದರು ಯಾರೋ. ಹತ್ತಿರ ಬಂದಾಗ ನೋಡಿದರೆ ಜುಟ್ಟು. ಜುಟ್ಟಿನ ನಾರಿಗೆ ಮೂರು ಮುಳ್ಳೂ ಇಳಿದಿವೆ. ಮಾಸಿದ ಕುಂಕುಮ ಒಂದು ಕಣ್ಣಿನ ಸುತ್ತ ಉಳಿದಿದೆ.

ಆಮೇಲೆ ಚರ್ಚೆ. "ದೇವರಿಗೆ ಕೊಟ್ಟದ್ದು, ಮುಟ್ಟಬಾರದು" ಎಂದ ಒಬ್ಬ. "ದೇವರೇ ತಿರುಗಿ ಕೊಟ್ಟರೆ?" ಎಂದಳು ಬುಟ್ಟಿಯ ಹೆಂಗಸು, "ಗಸಿ ಮಾಡಿ." ಅವಳ ಲೆಕ್ಕ ನನಗೆ ಹಿಡಿಸಿತ್ತು. ಆದರೆ ಬಹುಮತ ವಾಪಸ್ ಬಿಡುವುದಕ್ಕೇ ಬಿತ್ತು. ಎರಡು ಸಲ ಬಿಟ್ಟೆವು, ಎರಡು ಸಲವೂ ತೆರೆ ತಂದು ಕಾಲಬುಡದಲ್ಲಿಟ್ಟಿತು. ಗಾಳ ಮಾತ್ರ ಬಿಡುತ್ತಿಲ್ಲ, ಇಕ್ಕಳ ಮನೆಯಲ್ಲಿದೆ. ಮೂರನೆಯ ಸಲ ಗಟ್ಟಿಮುಟ್ಟಾದ ಹುಡುಗನೊಬ್ಬ "ಕೊಡಿ ಇಲ್ಲಿ" ಎಂದು ಇಸಕೊಂಡು, ನಾನು ತಡೆಯುವ ಮೊದಲೇ, ಕ್ರಿಕೆಟ್ ಬಾಲಿನ ಹಾಗೆ ಒಗೆದ. ದಾರ ಟಪ್ಪೆಂದಿತು. ಕಿತ್ತಳೆ ಬಣ್ಣದ ನನ್ನ ಹೊಸ ಲೂರ್, ಏಳುನೂರ ನಲವತ್ತು ರೂಪಾಯಿಯದ್ದು, ಜುಟ್ಟಿಗೆ ಮುಡಿದ ಹೂವಿನ ಹಾಗೆ ತೆರೆಯಿಂದ ತೆರೆಗೆ ಹತ್ತಿ ಹೋಯಿತು. ಈ ಸಲ ಕಡಲು ಇಟ್ಟುಕೊಂಡಿತು.

ಶಾಂತಿಗಾಗಿ ಬೇಡುವವರ ಮೇಲೆ ನನಗೆ ಕೋಪವಿಲ್ಲ. ಅವರು ಆ ನೀರಿನ ಮೇಲೆ ದಿನಗಟ್ಟಲೆ ಇರುವವರು. ನನ್ನದು ಮೊಣಕಾಲಿನವರೆಗಿನ ವ್ಯವಹಾರ. ಆದರೂ ಆ ಹರಕೆಯಲ್ಲಿ ದಡದ ಐವತ್ತು ಅಡಿ ಬಿಟ್ಟು ಉಳಿದದ್ದನ್ನು ಕೇಳಿಕೊಂಡರೆ ಏನಾಗುತ್ತಿತ್ತು?

ಅಷ್ಟರಲ್ಲಿ ಬಿಳಿ ಶೂ ಬಂತು. "ಪೂಜೆ ಆಯ್ತಲ್ಲ, ಇನ್ನು ಕಡಲು ಶಾಂತ ಆಗ್ತದೆ. ನಿಮಗೆ ಒಳ್ಳೇದೇ ಆಯ್ತು."

ನಾನು ತುಂಡಾದ ದಾರಕ್ಕೆ ಗಂಟು ಹಾಕುತ್ತಿದ್ದೆ. ತಲೆ ಎತ್ತಲಿಲ್ಲ.