ಭಾವನ ಕುದುರೆಯ ಬಾಯಿ

ಮಲೆನಾಡಿನಲ್ಲಿ ದನದ ಡಾಕ್ಟರಲ್ಲದವರು ಯಾರೂ ಇಲ್ಲ. ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹೊಟ್ಟೆಯುಬ್ಬರ, ಏನೇ ಕೇಳಿ, ಬಾಯಲ್ಲಿ ಕವಳ ಇಟ್ಟುಕೊಂಡೇ ಮದ್ದು ಹೇಳುತ್ತಾರೆ. ತೀರ್ಥಹಳ್ಳಿ ಕಡೆಯ ನಮ್ಮ ಭಾವ ಹೋಂಸ್ಟೇ ಮಾಡಿ, ಬಂದವರು ಫೋಟೊ ತೆಗೆಸಿಕೊಳ್ಳಲಿ ಅಂತ ಕುದುರೆ ತಂದರು. ಊರಿನ ಡಾಕ್ಟರುಗಳಿಗೆಲ್ಲ ಹೊಸ ಕೇಸು ಸಿಕ್ಕಿತು. ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಭಟ್ಕಳದಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವಲ್ಲ, ಇದು ಅದೇ ವಂಶದ್ದು ಎನ್ನುವುದು ಭಾವನ ವಾದ. ತಂದಿದ್ದು ಮಾತ್ರ ಶಿವಮೊಗ್ಗದಲ್ಲಿ ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವವರಿಂದ.

ಮೊದಲ ರಗಳೆ ತುಟಿಯದು. ಬೆಂಗಳೂರಿನ ಅತಿಥಿಯೊಬ್ಬರು ತಲೆನೋವಿಗೆ ಹಣೆ ತುಂಬ ಅಮೃತಾಂಜನ ಬಳಿದುಕೊಂಡು ಸೆಲ್ಫಿಗೆ ನಿಂತರು. ಕುದುರೆ ಹಣೆ ಮೂಸಿತು. ಕತ್ತು ಮೇಲೆತ್ತಿತು. ಮೇಲ್ದುಟಿಯನ್ನು ಮೂಗಿನವರೆಗೆ ಮಡಚಿ, ಹಳದಿ ಹಲ್ಲು ಕಿರಿದು ನಿಂತೇಬಿಟ್ಟಿತು.

‘ನಗ್ತಿದೆ!’ ಅಂತ ಅವರಿಗೆ ಖುಷಿ. ‘ಕಚ್ಚುತ್ತೆ ಮಾರಾಯ್ರೆ, ಈಚೆ ಬನ್ನಿ’ ಅಂತ ಭಾವ ಅಂಗಿ ಹಿಡಿದು ಎಳೆದರು. ಅತಿಥಿ, ಮೊಬೈಲು ಎರಡೂ ಲದ್ದಿಯ ಪಾಲಾದವು.

ಅದು ನಗುವೂ ಅಲ್ಲ, ಸಿಟ್ಟೂ ಅಲ್ಲ. ಮೂಗಿನೊಳಗೆ ತಳದಲ್ಲಿ ವಾಸನೆ ತಿಳಿಯುವ ಇನ್ನೊಂದು ಅಂಗ ಇದೆ. ವಿಚಿತ್ರ ವಾಸನೆ ಬಂದರೆ ಅದನ್ನು ಅಲ್ಲಿಗೆ ಕಳಿಸಲು ಹೀಗೆ ತುಟಿ ಮಡಚುತ್ತದೆ. ತೋಟದ ಕೆಲಸದವನಿಗೆ ಇದು ಮೊದಲೇ ಗೊತ್ತಿತ್ತು. ‘ಗಂಜಲ ಮೂಸಿ ಹೋರಿ ಮಾಡಲ್ವಾ?’ ಅಂದ. ದನದ ಜ್ಞಾನ ಕೆಲಸಕ್ಕೆ ಬಂದಿದ್ದು ಅದೊಂದೇ ಸಲ.

ಆಮೇಲೆ ಕುದುರೆ ತಲೆ ವಾರೆ ಮಾಡಿಕೊಂಡು ಹುಲ್ಲು ಜಗಿದು, ಅರ್ಧ ಜಗಿದದ್ದನ್ನು ಉಂಡೆ ಉಂಡೆಯಾಗಿ ಕೆಳಗೆ ಬೀಳಿಸತೊಡಗಿತು. ನಾಲಿಗೆ ಬೇರೆ ಪಕ್ಕದಿಂದ ಹೊರಗೆ. ‘ಮೆಲುಕು ಹಾಕ್ತಿದೆ, ಹೊಟ್ಟೆ ತುಂಬಿದೆ’ ಅಂದರು ಅತ್ತೆ. ಕುದುರೆಗೆ ಎಲ್ಲಿಯ ಮೆಲುಕು? ನುಂಗಿದ್ದು ವಾಪಸ್ ಬಾಯಿಗೆ ಬರುವ ಏರ್ಪಾಡೇ ಇಲ್ಲ, ಅದು ವಾಂತಿ ಕೂಡ ಮಾಡಲಾರದು. ಪಕ್ಕದ ಮನೆಯವರು ತುಟಿ ಎತ್ತಿ ನೋಡಿ, ‘ದನಕ್ಕೆ ಮೇಲ್ಗಡೆ ಮುಂದಿನ ಹಲ್ಲೇ ಇರಲ್ಲ. ಇದಕ್ಕಿದೆ. ಅದೇ ತೊಂದ್ರೆ, ಕೀಳಿಸಿಬಿಡಿ’ ಅಂದರು.

ಅಸಲಿ ಡಾಕ್ಟರು ಬಂದು ಮೊದಲು ಕಡಿವಾಣ ನೋಡಿದರು, ಅದು ಒತ್ತಿದರೂ ನಾಲಿಗೆ ಹೊರಗೆ ಬರುತ್ತದಂತೆ. ಆಮೇಲೆ ಮಂಪರಿನ ಇಂಜೆಕ್ಷನ್ ಕೊಟ್ಟು, ಬಾಯಿಗೆ ಕಬ್ಬಿಣದ ಚೌಕಟ್ಟು ಸಿಕ್ಕಿಸಿ, ನಾಲಿಗೆಯನ್ನು ಪಕ್ಕಕ್ಕೆಳೆದು ನನ್ನ ಕೈಗೆ ಟಾರ್ಚ್ ಕೊಟ್ಟರು. ಕುದುರೆಯ ದವಡೆ ಹಲ್ಲು ವರ್ಷಕ್ಕೆ 2-3 ಮಿಲಿಮೀಟರ್ ಹೊರಗೆ ಬರುತ್ತಲೇ ಇರುತ್ತದೆ. ಮೇಲಿನ ದವಡೆ ಅಗಲ, ಕೆಳಗಿನದು ಕಿರಿದು. ಸರಿಯಾಗಿ ಸವೆಯದ ಅಂಚು ಚೂಪಾಗಿ, ಮೇಲಿನವು ಕೆನ್ನೆಯನ್ನೂ ಕೆಳಗಿನವು ನಾಲಿಗೆಯನ್ನೂ ಕೊಯ್ಯುತ್ತವೆ. ಇದರ ಕೆನ್ನೆಯೊಳಗೆ ಕೆಂಪು ಗೀರುಗಳು ಕಂಡವು. ಉದ್ದನೆಯ ಅರ ಹಾಕಿ ಉಜ್ಜಿದರು. ಗರಗರ ಸದ್ದು, ಹಲ್ಲಿನ ಪುಡಿ, ಮೊಣಕೈವರೆಗೆ ಹಸಿರು ಜೊಲ್ಲು. ಅಂಗಿಯ ಕಲೆ ಇನ್ನೂ ಹೋಗಿಲ್ಲ.

ಕೆಲಸ ಮುಗಿದಾಗ ಕುದುರೆಯ ಕೆಳದುಟಿ, ನಾಲಿಗೆ ಎರಡೂ ಜೋತುಬಿದ್ದಿದ್ದವು. ಅತ್ತೆ ಗಂಜಿ ಹಿಡಿದು ಓಡಿಬಂದರು. ‘ಮಂಪರು ಇಳಿಯೋವರೆಗೆ ಏನೂ ಕೊಡಬೇಡಿ ಅಮ್ಮಾ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ’ ಅಂದರು ಡಾಕ್ಟರು.

ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. ‘ಸರಿ ಬಿಡಿ. ಹೇಗೂ ಇವತ್ತು ಏಕಾದಶಿ.’