ಸತ್ಯಾಂಶ: ಒತ್ತಡ ಏರಿಸಿದರೆ ಗುರಿ ಕೂರುತ್ತಾ?

'ಏರ್ ರೈಫಲ್‌ನ ರೆಗ್ಯುಲೇಟರ್ ಒತ್ತಡ ಜಾಸ್ತಿ ಮಾಡಿ, ಗುರಿ ತಪ್ಪಲ್ಲ' ಅನ್ನೋ ವಾಟ್ಸಾಪ್ ಸಂದೇಶ ಮತ್ತೆ ಓಡಾಡುತ್ತಿದೆ. ತಪ್ಪು.

10 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿಲಿಮೀಟರ್, ಹಾರಿಸುವ ಪುಟ್ಟ ಗುಂಡು, ಅಂದರೆ ಪೆಲೆಟ್ಟೇ 4.5. ಅಲ್ಲಿ ಬೇಕಿರುವುದು ಜಾಸ್ತಿ ವೇಗ ಅಲ್ಲ, ಪ್ರತಿ ಸಲವೂ ಅದೇ ವೇಗ. ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಇರಲಿ, 120 ಇರಲಿ, ಮುಂದಿನ ಕೋಣೆಗೆ ಒಂದೇ ಒತ್ತಡದ ಗಾಳಿ ಬಿಡುವುದು ರೆಗ್ಯುಲೇಟರ್ ಕೆಲಸ. ಸುಮ್ನೆ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಆ ಒತ್ತಡವೇ ಪೆಲೆಟ್ ಹಿಂದೆ ಗಾಳಿ ಬಿಡುವ ವಾಲ್ವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅದನ್ನು ತೆರೆಯಲು ಬಡಿಯುವ ಹ್ಯಾಮರ್ ಹೊಡೆದರೂ ಅದು ಪೂರ್ತಿ ತೆರೆಯುವುದಿಲ್ಲ, ವೇಗ ಏರುವ ಬದಲು ಇಳಿಯುತ್ತದೆ. ತಮಾಷೆ ಅಲ್ವಾ?

ಹತ್ತು ಪೆಲೆಟ್ ಹಾರಿಸಿ ಕ್ರೋನೋಗ್ರಾಫ್ (ಪೆಲೆಟ್ ವೇಗ ಅಳೆಯುವ ಉಪಕರಣ) ನೋಡಿ. ಸೆಕೆಂಡಿಗೆ 173, 174, 173 ಮೀಟರ್ ಅಂತ ಬಂದರೆ ರೆಗ್ಯುಲೇಟರ್ ಸ್ಕ್ರೂ ಮುಟ್ಟಲೇಬೇಡಿ. ರಾತ್ರಿಯಿಡೀ ಸುಮ್ಮನಿದ್ದ ರೈಫಲ್‌ನ ಮೊದಲ ಹೊಡೆತ ಮಾತ್ರ ಬೇರೆ ಬಂದರೆ, ರೆಗ್ಯುಲೇಟರ್ ಸೀಟಿನಲ್ಲಿ (ಗಾಳಿ ತಡೆಯುವ ಮುಚ್ಚಳ ಕೂರುವ ಜಾಗ) ಗಾಳಿ ಜಿನುಗುತ್ತಿರಬಹುದು. ಸರ್ವಿಸ್‌ಗೆ ಕೊಡಿ, ಗಾಳಿ ತುಂಬಿರುವಾಗ ಮನೇಲಿ ಬಿಚ್ಚಬೇಡಿ.

ಎಲ್ಲ ಸರಿಯಿದ್ದೂ ಗುರಿಹಲಗೆ ಮೇಲೆ ಹೊಡೆತಗಳ ಗುಂಪು ಚದುರಿದರೆ ಪೆಲೆಟ್ ಬದಲಿಸಿ. 4.49, 4.50, 4.51 ಮಿಲಿಮೀಟರ್ ತಲೆ ಅಳತೆಯ ಡಬ್ಬಿಗಳು ಸಿಗುತ್ತವೆ. ಯಾವುದು ನಿಮ್ಮ ಬ್ಯಾರಲ್‌ಗೆ ಒಗ್ಗುತ್ತದೋ ಹೊಡೆದೇ ನೋಡಬೇಕು.